ಮೈಯೊಳಗಿನ ನೆಯ್ಗೆ



ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ 'ನರ' ಎಂಬ ಮಾತಿಗೆ ಇರುವಷ್ಟು ದುಡಿತ ಬೇರೆ ಯಾವ ಮಾತಿಗೂ ಇರಲಾರದು. ಭಾರ ಎತ್ತಿ ಟೊಂಕ ಹಿಡಿದರೆ 'ನರ ಹಿಡಿದಿದೆ' ಎನ್ನುತ್ತೇವೆ. ಕಾಲು ಉಳುಕಿದರೆ 'ನರ ಹೊರಳಿದೆ' ಎನ್ನುತ್ತೇವೆ. ಕತ್ತು ತಿರುಗದಿದ್ದರೆ 'ನರ ಬಿಗಿದಿದೆ', ಕೈ ಜುಮುಗುಟ್ಟಿದರೆ 'ನರದ ದೋಷ'. ಮುಂಗೈಯ ಮೇಲೆ ಹಸುರಾಗಿ ಕಾಣುವ ರಕ್ತನಾಳವೂ ನಮಗೆ ನರವೇ, ಹಿಮ್ಮಡದ ಮೇಲೆ ಗಟ್ಟಿಯಾಗಿ ಹತ್ತುವ ಹುರಿಯೂ ನರವೇ, ಮಿದುಳಿನಿಂದ ಹೊರಟು ಬೆರಳ ತುದಿಯವರೆಗೆ ಸುದ್ದಿ ಒಯ್ಯುವ ತಂತುವೂ ನರವೇ. ಒಂದು ಶಬ್ದದ ಹೆಗಲಿಗೆ ಮೂರು ಹೊರೆ.

ಕನ್ನಡ ಪಾಠ ಹೇಳುವ ಮಾಸ್ತರನಿಗೆ ಇದು ಮೊದಲು ಶಬ್ದದ ಪ್ರಶ್ನೆಯಾಗಿಯೇ ತೋರುವುದು ಸಹಜ. ಸುಶ್ರುತ ಸಂಹಿತೆಯನ್ನು ತೆರೆದು ನೋಡಿದರೆ ಅಲ್ಲಿ ಸಿರೆ ಬೇರೆ, ಧಮನಿ ಬೇರೆ, ಸ್ನಾಯು ಬೇರೆ. ಇಂದಿನ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಸ್ನಾಯು ಎಂದರೆ ಮಾಂಸಖಂಡ. ಸುಶ್ರುತನ ಸ್ನಾಯು ಮಾಂಸವಲ್ಲ, ಕಟ್ಟು. ದೋಣಿಯ ಹಲಗೆಗಳನ್ನು ಬಿಗಿಯುವ ಕಟ್ಟುಗಳು ದೋಣಿಗೆ ಭಾರ ತಾಳುವ ಶಕ್ತಿ ಕೊಡುವಂತೆ, ಮೈಯ ಕೀಲುಗಳನ್ನು ಬಿಗಿದು ಹಿಡಿಯುವುದು ಸ್ನಾಯು ಎಂದು ಆ ಗ್ರಂಥದ ಅಭಿಪ್ರಾಯ. ಅದು ಎಣಿಸುವ 107 ಮರ್ಮಸ್ಥಾನಗಳಲ್ಲಿ 27 ಸ್ನಾಯುಮರ್ಮಗಳು. ನರಗಳಿಗೂ ಮಾಂಸಕ್ಕೂ ನಡುವೆ ಇನ್ನೊಂದು ವಸ್ತುವಿದೆ, ಅದಕ್ಕೆ ಬೇರೆ ಹೆಸರು ಬೇಕು ಎಂಬ ಅರಿವು ಹಳೆಯದು. ಆ ವಸ್ತುವಿಗೆ ಈಗ ನಾವು 'ಸಂಯೋಜಕ ಅಂಗಾಂಶ' ಎನ್ನುತ್ತೇವೆ. ಹೆಸರು ಬಾಯಿಗೆ ತುಸು ಭಾರವಾದರೂ ಅರ್ಥ ಸರಳ: ಒಂದನ್ನೊಂದಕ್ಕೆ ಕೂಡಿಸುವ ನೆಯ್ಗೆ.

ಈ ವಿಷಯವನ್ನು ಇಂದು ಎತ್ತಿಕೊಳ್ಳಲು ಕಾರಣ ಪಾಂಡಿತ್ಯವಲ್ಲ. ರಾಮದುರ್ಗದ ಕಡೆಯ ನೇಕಾರರೊಬ್ಬರು, ನನ್ನ ವಿದ್ಯಾರ್ಥಿಯ ತಂದೆ, ಒಂದು ದಿನ ಶಾಲೆಗೆ ಬಂದವರು ಮಗನ ಅಂಕಗಳ ಮಾತು ಮುಗಿದ ಮೇಲೆ ಕೇಳಿದರು: "ಮಾಸ್ತರ, ಸೂಜಿ ಚುಚ್ಚಿ ಅದಕ್ಕ ಕರೆಂಟ್ ಹಚ್ಚಿದ್ರ ಟೊಂಕಿನ ನರ ಸಡ್ಲ ಆಕ್ಕಾವಂತ. ಮೈಯಾಗ ಕರೆಂಟ್ ಹರಿಯೂ ದಾರಿ ಅದಾವಂತ. ಖರೇ ಏನ್ರಿ?" ಮಗ್ಗದ ಕುಣಿಯಲ್ಲಿ ಕಾಲಿಟ್ಟು ಮೂವತ್ತು ವರ್ಷ ಬಗ್ಗಿ ಕುಳಿತ ಟೊಂಕ ಅವರದು. ಚಿಕಿತ್ಸೆಗೆ ಕೇಳಿದ ಹಣವೋ ಅವರ ಹಲವು ವಾರಗಳ ದುಡಿತ. ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಅಂಡಿಗೆ ಹೊರುವ ಹಮಾಲರು, ಕಿತ್ತೂರ ಸೀಮೆಯ ಗದ್ದೆಗಳಲ್ಲಿ ಬಗ್ಗಿ ಸಸಿ ನೆಡುವ ಹೆಣ್ಣುಮಕ್ಕಳು, ಸವದತ್ತಿಯ ಗುಡ್ಡ ಹತ್ತಿಳಿದು ಮೊಣಕಾಲು ಹಿಡಿದುಕೊಂಡವರು, ಎಲ್ಲರ ಮುಂದೆಯೂ ಇಂದು ಇದೇ ಪ್ರಶ್ನೆ ಬರುತ್ತಿದೆ. ಆದ್ದರಿಂದ ಇದಕ್ಕೆ ಹೌದು ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳುವುದು ಸಲ್ಲದು. ಮೈಯಲ್ಲಿ ಇರುವುದೇನು, ವಿದ್ಯುತ್ತು ಮಾಡುವುದೇನು, ಸೂಜಿ ಮಾಡುವುದೇನು ಎಂದು ಒಂದೊಂದಾಗಿ ನೋಡೋಣ.

ಮೊದಲು ನೆಯ್ಗೆಯ ಮಾತು. ಕುರಿಯ ತೊಗಲು ಸುಲಿಯುವುದನ್ನು ಕಂಡವರು ತೊಗಲಿಗೂ ಮಾಂಸಕ್ಕೂ ನಡುವೆ ಬೆಳ್ಳನೆಯ ತೆಳುವಾದ ಪೊರೆ ಇರುವುದನ್ನು ನೋಡಿರಬೇಕು. ಅದನ್ನು ಕಾಣದವರು ಮೋಸಂಬಿ ಹಣ್ಣನ್ನು ಬಿಡಿಸಿ ನೋಡಬಹುದು. ಸಿಪ್ಪೆಯ ಕೆಳಗೊಂದು ಬಿಳಿಯ ಪದರ, ತೊಳೆ ತೊಳೆಗೂ ಒಂದು ಪೊರೆ, ತೊಳೆಯೊಳಗಿನ ಒಂದೊಂದು ರಸದ ಕಾಳಿಗೂ ಮತ್ತೊಂದು ಚಿಕ್ಕ ಪೊರೆ. ರಸವನ್ನೆಲ್ಲ ಹಿಂಡಿ ತೆಗೆದರೂ ಹಣ್ಣಿನ ಆಕಾರ ಉಳಿಯುವುದು ಈ ಪೊರೆಗಳಿಂದ. ನಮ್ಮ ಮೈಯೂ ಹಾಗೆಯೇ. ಚರ್ಮದ ಕೆಳಗಿನ ಸಡಿಲ ಪದರ, ಮಾಂಸಖಂಡಗಳನ್ನು ಸುತ್ತಿದ ಪೊರೆ, ಎಲುಬಿಗೆ ಮಾಂಸವನ್ನು ಕಟ್ಟುವ ಕಂಡರ, ಎಲುಬಿಗೆ ಎಲುಬನ್ನು ಕಟ್ಟುವ ಬಂಧ, ಇವೆಲ್ಲ ಒಂದೇ ಮನೆತನದವು. ನರಗಳೂ ರಕ್ತನಾಳಗಳೂ ಈ ಪೊರೆಗಳ ಸಂದಿಯಲ್ಲೇ ಹಾದುಹೋಗುತ್ತವೆ.

ಈ ನೆಯ್ಗೆಯ ಮುಖ್ಯ ನೂಲಿಗೆ 'ಕೊಲಾಜೆನ್' ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ 'ಕೊಲ್ಲ' ಎಂದರೆ ಅಂಟು. ತೊಗಲು ಎಲುಬುಗಳನ್ನು ಕುದಿಸಿ ಬಡಿಗರು ಮರಕ್ಕೆ ಹಚ್ಚುವ ಅಂಟು ತೆಗೆಯುತ್ತಿದ್ದರಲ್ಲವೆ? ಆ ಅಂಟನ್ನು ಹುಟ್ಟಿಸುವ ವಸ್ತು ಎಂಬ ಅರ್ಥದಲ್ಲಿ ಈ ಹೆಸರು. ನಮ್ಮ ಎತ್ತಿನ ಮಿಣಿ, ಬಾರುಕೋಲಿನ ಬಾರು, ಕಾಲಿನ ಕೆರವು ಎಲ್ಲವೂ ಇದೇ ನೂಲಿನ ಬಲದಿಂದ ಬಾಳುವವು.

ಈ ನೂಲಿನ ಗುಟ್ಟನ್ನು ಬಿಡಿಸಿದವರಲ್ಲಿ ನಮ್ಮ ದೇಶದವರೇ ಅಗ್ರಗಣ್ಯರು ಎಂಬುದು ನಮ್ಮ ಮನೆಗಳಲ್ಲಿ ತಿಳಿದಿರಬೇಕಾದ ಸಂಗತಿ. 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದ ಜಿ. ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ವಿದ್ಯುತ್ ಶಾಸ್ತ್ರ ಕಲಿಯಲು ಬಂದರು. ಅಲ್ಲಿ ಸರ್ ಸಿ. ವಿ. ರಾಮನ್ ಅವರ ಕಣ್ಣಿಗೆ ಬಿದ್ದು ಭೌತಶಾಸ್ತ್ರದ ಕಡೆಗೆ ಹೊರಳಿದರು. ಮುಂದೆ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗೋಪಿನಾಥ ಕರ್ತಾ ಅವರೊಡನೆ ಕೂಡಿ, ಕಂಡರದ ಎಳೆಗಳ ಮೂಲಕ ಕ್ಷಕಿರಣಗಳನ್ನು ಹಾಯಿಸಿ, 1954ರಲ್ಲಿ ಕೊಲಾಜೆನ್ ಎಂಬುದು ಮೂರು ಎಳೆಗಳನ್ನು ಒಂದಕ್ಕೊಂದು ಹೊಸೆದ ಹುರಿ ಎಂದು ಜಗತ್ತಿಗೆ ತಿಳಿಸಿದರು. ಪುಂಡಿಯ ನಾರನ್ನು ಮೂರು ಎಳೆ ಮಾಡಿ ಹಗ್ಗ ಹೊಸೆಯುವ ನಮ್ಮ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂಟಿ ಎಳೆ ಹರಿಯುತ್ತದೆ, ಮೂರೆಳೆಯ ಹುರಿ ತಾಳುತ್ತದೆ. ಹಗ್ಗ ಹೊಸೆಯುವಾತನ ಉಪಾಯವನ್ನು ಪ್ರಕೃತಿ ಅವನಿಗಿಂತ ಎಷ್ಟೋ ಮೊದಲೇ ಬಲ್ಲುದಾಗಿತ್ತು.

ಇನ್ನು ಎರಡನೆಯ ಮಾತು, ವಿದ್ಯುತ್ತು. ಈ ನೂಲಿನಲ್ಲಿ ವಿದ್ಯುತ್ತು ಹರಿಯುವುದೇ? ಒಣಗಿದ ಮಿಣಿಯಲ್ಲಿ ಹರಿಯದು. ಆದರೆ ಬದುಕಿರುವ ಮೈಯಲ್ಲಿ ಈ ನೆಯ್ಗೆ ಒಣಗಿಲ್ಲ, ಉಪ್ಪುನೀರಿನಲ್ಲಿ ನೆನೆದಿದೆ. ಆಸ್ಪತ್ರೆಯಲ್ಲಿ ಸಲೈನ್ ಏರಿಸುವುದನ್ನು ಎಲ್ಲರೂ ಕಂಡಿದ್ದೇವೆ. ಅದರ ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪು. ಮೈಯೊಳಗಿನ ದ್ರವವೂ ಸುಮಾರಾಗಿ ಅಷ್ಟೇ ಉಪ್ಪು. ಉಪ್ಪು ಕರಗಿದ ನೀರು ವಿದ್ಯುತ್ತನ್ನು ಒಯ್ಯುತ್ತದೆ. ಹೀಗಾಗಿ ನೆನೆದ ನೆಯ್ಗೆಯೂ ಒಯ್ಯುತ್ತದೆ, ಮಾಂಸವೂ ಒಯ್ಯುತ್ತದೆ, ರಕ್ತವೂ ಒಯ್ಯುತ್ತದೆ. ಕೊಬ್ಬು ಅಷ್ಟಾಗಿ ಒಯ್ಯದು. ಎಲ್ಲಕ್ಕಿಂತ ಹೆಚ್ಚು ತಡೆಯೊಡ್ಡುವುದು ಹೊರಗಿನ ಒಣಚರ್ಮ. ಒಣಗಿದ ಚರ್ಮದ ತಡೆ ಒಂದು ಲಕ್ಷ ಓಮ್‌ವರೆಗೂ ಇರಬಹುದು, ಅದೇ ಚರ್ಮ ತೊಯ್ದಾಗ ಸಾವಿರ ಓಮ್‌ಗೆ ಇಳಿಯಬಹುದು. ತೊಯ್ದ ಕೈಯಿಂದ ಸ್ವಿಚ್ಚು ಮುಟ್ಟಬೇಡಿರೆಂದು ಮನೆಯಲ್ಲಿ ಮಕ್ಕಳಿಗೆ ಹೇಳುವುದು ಇದಕ್ಕಾಗಿಯೇ. ವಿದ್ಯುಚ್ಚಿಕಿತ್ಸೆಯವರು ಪಟ್ಟಿಗಳ ಕೆಳಗೆ ಹಸಿಯಾದ ಲೇಪವನ್ನು ಬಳಸುವುದೂ ಇದಕ್ಕಾಗಿಯೇ.

ಇಷ್ಟರಿಂದ ನೆಯ್ಗೆ ವಿದ್ಯುತ್ತನ್ನು ಬರಿದೆ ಹೊರುತ್ತದೆ ಎಂದಾಯಿತು. ಅದು ವಿದ್ಯುತ್ತನ್ನು ಹುಟ್ಟಿಸಲೂ ಬಲ್ಲದೆಂಬುದು ಇನ್ನೂ ಸ್ವಾರಸ್ಯದ ಸಂಗತಿ. ಅಡಿಗೆಮನೆಯಲ್ಲಿ ಗ್ಯಾಸಿನ ಒಲೆ ಹೊತ್ತಿಸುವ ಲೈಟರನ್ನು ಒತ್ತಿದಾಗ ಕಿಡಿ ಹಾರುತ್ತದಲ್ಲವೆ? ಅದರೊಳಗಿನ ಹರಳಿಗೆ ಪೆಟ್ಟು ಬಿದ್ದೊಡನೆ ಅದು ವಿದ್ಯುತ್ತನ್ನು ಹುಟ್ಟಿಸುತ್ತದೆ. 1957ರಲ್ಲಿ ಜಪಾನಿನ ಫುಕಾಡಾ ಮತ್ತು ಯಾಸುದಾ ಎಂಬಿಬ್ಬರು ಒಣಗಿದ ಎಲುಬಿಗೂ ಈ ಗುಣವುಂಟೆಂದು ತೋರಿಸಿದರು. ಎಲುಬಿನ ಒಳಗಿರುವ ಕೊಲಾಜೆನ್ ನೂಲೇ ಅದಕ್ಕೆ ಕಾರಣ. ಹಸಿಯಾದ ಎಲುಬಿನಲ್ಲಿ ಇನ್ನೊಂದು ಬಗೆಯೂ ಸೇರುತ್ತದೆ. ಭಾರ ಬಿದ್ದಾಗ ಅದರ ಸಣ್ಣ ಸಂದಿಗಳಲ್ಲಿ ಉಪ್ಪುನೀರು ಸರಿದಾಡಿ ಅದರಿಂದಲೂ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. 1962ರಲ್ಲಿ ಅಮೆರಿಕದ ಬ್ಯಾಸೆಟ್ ಮತ್ತು ಬೆಕರ್ ಇದೇ ದಾರಿಯಲ್ಲಿ ಮುಂದುವರಿದರು. ಮುರಿದು ಕೂಡದೆ ಉಳಿದ ಎಲುಬಿಗೆ ವಿದ್ಯುತ್‌ಕಾಂತ ಮಿಡಿತಗಳನ್ನು ಕೊಡುವ ಉಪಕರಣಕ್ಕೆ 1979ರಲ್ಲಿ ಅಮೆರಿಕದಲ್ಲಿ ಸರಕಾರದ ಒಪ್ಪಿಗೆ ದೊರೆಯಿತು. ಅದಕ್ಕಿಂತ ನೂರು ವರ್ಷಕ್ಕೂ ಹೆಚ್ಚು ಮೊದಲು, 1840ರ ದಶಕದಲ್ಲಿಯೇ, ಜರ್ಮನಿಯ ದುಬ್ವಾ ರೇಮಾಂ ಎಂಬ ಶಾಸ್ತ್ರಜ್ಞನು ಬೆರಳಿಗೆ ಗಾಯವಾದಾಗ ಆ ಗಾಯದಿಂದ ಕಿಂಚಿತ್ತು ವಿದ್ಯುತ್ಪ್ರವಾಹ ಹೊರಡುವುದನ್ನು ಅಳೆದಿದ್ದನು. ಆದ್ದರಿಂದ 'ಮೈಯಲ್ಲಿ ಕರೆಂಟ್ ಇದೆ' ಎಂಬ ಮಾತು ಕಟ್ಟುಕಥೆಯಲ್ಲ.

ಆದರೆ ಇಲ್ಲಿಯೇ ನಾವು ಎಚ್ಚರವಹಿಸಬೇಕು. ವಿದ್ಯುತ್ತನ್ನು ಒಯ್ಯುವುದು ಬೇರೆ, ಸುದ್ದಿಯನ್ನು ಒಯ್ಯುವುದು ಬೇರೆ. ನವಿಲುತೀರ್ಥದ ಆಣೆಕಟ್ಟಿನಿಂದ ಬಿಟ್ಟ ಮಲಪ್ರಭೆಯ ನೀರು ಕಾಲುವೆಯಲ್ಲಿ ಹರಿಯುವಾಗ ಇಂಥ ಊರಿಗೆ ಇಷ್ಟು ಹೊತ್ತಿಗೆ ತಲುಪುವುದೆಂದು ಹೇಳಬಹುದು. ಕಾಲುವೆಗೆ ದಂಡೆಯುಂಟು, ದಿಕ್ಕುಂಟು, ತೂಬುಂಟು. ಅದೇ ನೀರನ್ನು ಬಯಲು ಹೊಲಕ್ಕೆ ಬಿಟ್ಟರೆ ನಾಲ್ಕೂ ಕಡೆ ಹರಡಿ ಇಂಗುತ್ತದೆ. ನೀರು ಹರಿದದ್ದೇನೋ ನಿಜ. ಇಂಥಲ್ಲಿಗೇ ಹೋಯಿತೆಂದು ಹೇಳುವ ಹಾಗಿಲ್ಲ. ನರವು ಕಾಲುವೆಯ ಹಾಗೆ. ಅದಕ್ಕೆ ಹೊದಿಕೆಯಿದೆ, ಗೊತ್ತಾದ ದಾರಿಯಿದೆ. ದಪ್ಪ ನರಗಳಲ್ಲಿ ಸುದ್ದಿ ಸೆಕೆಂಡಿಗೆ ನೂರು ಮೀಟರಿನ ವೇಗದಲ್ಲಿ ಓಡುತ್ತದೆ, ನೋವಿನ ಸುದ್ದಿ ತರುವ ಅತಿ ಸಣ್ಣ ನರಗಳಲ್ಲಿ ಸೆಕೆಂಡಿಗೆ ಒಂದು ಮೀಟರಿನಷ್ಟು ನಿಧಾನವಾಗಿಯೂ ಬರುತ್ತದೆ. ನೆನೆದ ನೆಯ್ಗೆಯಾದರೋ ಬಯಲು ಹೊಲದ ಹಾಗೆ. ವಿದ್ಯುತ್ತು ಅದರಲ್ಲಿ ಹರಡುತ್ತದೆ. ಅದು ಸುದ್ದಿಯಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆಯೇ ಎಂಬುದೇ ಈಗ ಸಂಶೋಧಕರ ನಡುವೆ ಇರುವ ಪ್ರಶ್ನೆ.

ಮೂರನೆಯ ಮಾತು ಸೂಜಿ. ಚೀನದ ಆಕ್ಯುಪಂಕ್ಚರ್ ನಮ್ಮ ದೇಶಕ್ಕೆ ಬಂದ ಬಗೆಯಲ್ಲಿ ನಮ್ಮ ನೆರೆಯ ಊರೊಂದರ ಹೆಸರೂ ಕೂಡಿಕೊಂಡಿದೆ. ಕನ್ನಡಿಗರು ಬಹುಕಾಲದಿಂದ ಬಾಳಿಕೊಂಡು ಬಂದ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟಣೀಸರು 1938ರಲ್ಲಿ, ಯುದ್ಧದಲ್ಲಿ ನೊಂದ ಚೀನದ ಜನರ ಶುಶ್ರೂಷೆಗೆಂದು ನಮ್ಮ ರಾಷ್ಟ್ರೀಯ ಕಾಂಗ್ರೆಸ್ಸು ಕಳಿಸಿದ ಐವರು ವೈದ್ಯರಲ್ಲಿ ಒಬ್ಬರಾಗಿ ಹೋದರು. 1942ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಕಥೆಯನ್ನು ಶಾಂತಾರಾಮರು 1946ರಲ್ಲಿ ಚಿತ್ರ ಮಾಡಿದರು. ಅದೇ ತಂಡದಲ್ಲಿದ್ದ ಡಾಕ್ಟರ್ ಬಿಜಯಕುಮಾರ ಬಸು 1958ರಲ್ಲಿ ಮತ್ತೆ ಚೀನಕ್ಕೆ ಹೋಗಿ ಸೂಜಿಚಿಕಿತ್ಸೆಯನ್ನು ಕಲಿತು ಬಂದು ಕಲಕತ್ತೆಯಲ್ಲಿ ಆರಂಭಿಸಿದರು. ನಮ್ಮಲ್ಲಿ ಅದರ ಬೇರು ಇದು. ಭಾರತ ಸರಕಾರವು 2003ರಲ್ಲಿ ಇದನ್ನು ಒಂದು ಚಿಕಿತ್ಸಾವಿಧಾನವೆಂದು ಒಪ್ಪಿಕೊಂಡಿತು.

ಚೀನದ ಹಳೆಯ ಗ್ರಂಥಗಳ ಪ್ರಕಾರ ಮೈಯಲ್ಲಿ ಪ್ರಾಣಶಕ್ತಿ ಹರಿಯುವ ರೇಖೆಗಳಿವೆ, ಅವುಗಳ ಮೇಲೆ 361 ಬಿಂದುಗಳಿವೆ. ಶವವನ್ನು ಕೊಯ್ದು ನೋಡಿದ ಯಾವ ವೈದ್ಯನಿಗೂ ಈ ರೇಖೆಗಳು ಪ್ರತ್ಯೇಕ ನಾಳಗಳಾಗಿ ಕಾಣಲಿಲ್ಲ. ಹಾಗಾದರೆ ಅವು ಯಾವುದರ ಗುರುತು? ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಡಾಕ್ಟರ್ ಹೆಲೆನ್ ಲಾಂಜವಾಂ ಎಂಬ ಮಹಿಳೆ ಈ ಪ್ರಶ್ನೆಯನ್ನು ಹೊಸ ರೀತಿಯಲ್ಲಿ ಕೇಳಿದರು. ಸೂಜಿ ಚುಚ್ಚಿ ಅದನ್ನು ಬೆರಳಿನಿಂದ ತಿರುವಿದಾಗ ಒಳಗಿನಿಂದ ಯಾರೋ ಹಿಡಿದೆಳೆದಂತೆ ಆಗುವುದೆಂದು ಸೂಜಿವೈದ್ಯರು ಹಿಂದಿನಿಂದಲೂ ಹೇಳುತ್ತಿದ್ದರು. ಮೀನು ಗಾಳಕ್ಕೆ ಕಚ್ಚಿದಂತೆ ಎಂದು ಅವರ ಉಪಮೆ. ಲಾಂಜವಾಂ ಅವರು 60 ಜನರ ಮೇಲೆ ಪ್ರಯೋಗ ಮಾಡಿ, ಒಂದೇ ದಿಕ್ಕಿನಲ್ಲಿ ತಿರುವಿದ ಸೂಜಿಯನ್ನು ಹೊರಗೆಳೆಯಲು ತಿರುವದ ಸೂಜಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಬಲ ಬೇಕಾಗುವುದನ್ನು 2001ರಲ್ಲಿ ಅಳೆದು ತೋರಿಸಿದರು. ಕಾರಣವೇನೆಂದರೆ, ಚರ್ಮದ ಕೆಳಗಿನ ಸಡಿಲ ನೆಯ್ಗೆಯ ನೂಲು ಸೂಜಿಗೆ ಸುತ್ತಿಕೊಳ್ಳುತ್ತದೆ. ತಕಲಿ ತಿರುಗಿದ ಹಾಗೆಲ್ಲ ಅದಕ್ಕೆ ನೂಲು ಸುತ್ತಿಕೊಳ್ಳುವುದನ್ನು ಕಂಡ ನಮಗೆ ಇದು ಕಣ್ಣಿಗೆ ಕಟ್ಟುವ ಚಿತ್ರ. ಸುತ್ತಿದ ನೂಲು ಸುತ್ತಲಿನ ನೂಲನ್ನು ಜಗ್ಗುತ್ತದೆ, ಆ ಜಗ್ಗಿಗೆ ನೆಯ್ಗೆಯೊಳಗಿನ ಜೀವಕೋಶಗಳು ತಮ್ಮ ಆಕಾರವನ್ನೇ ಬದಲಿಸುತ್ತವೆ.

ಮರುವರ್ಷ, ಎಂದರೆ 2002ರಲ್ಲಿ, ಅವರು ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಸತ್ತವರ ತೋಳನ್ನು ಅಡ್ಡಡ್ಡವಾಗಿ ಸೀಳಿ ನೋಡಿದಾಗ, ತೋಳಿನ ಮೇಲೆ ಹೇಳಿದ ಬಿಂದುಗಳಲ್ಲಿ ನೂರಕ್ಕೆ 80ರಷ್ಟು ಮಾಂಸಖಂಡಗಳ ನಡುವಿನ ಪೊರೆಗಳ ಸಂದಿಯಲ್ಲಿಯೇ ಬಿದ್ದಿದ್ದವು. ಆಗ ಅವರು ಊಹಿಸಿದ್ದು ಹೀಗೆ: ಪ್ರಾಚೀನರು ರೇಖೆಯೆಂದು ಎಳೆದದ್ದು ಈ ಪೊರೆಗಳ ಹಾದಿಯನ್ನೇ ಇರಬಹುದು. ಈ ನೆಯ್ಗೆ ಮೈಯುದ್ದಕ್ಕೂ ಅಖಂಡವಾಗಿರುವುದರಿಂದ ಒಂದು ಕಡೆಯ ಜಗ್ಗು, ಒಂದು ಕಡೆಯ ವಿದ್ಯುತ್ತು ಇನ್ನೊಂದು ಕಡೆಗೆ ಮುಟ್ಟಲೂಬಹುದು.

ಊಹೆ ಚೆಲುವಾದದ್ದು. ಚೆಲುವಾದ ಊಹೆಯನ್ನೇ ಹೆಚ್ಚು ತಿಕ್ಕಿ ನೋಡಬೇಕು. ಅದೇ 2001ರ ಪ್ರಯೋಗದಲ್ಲಿ ಬಿಂದುಗಳಲ್ಲಿ ಸೂಜಿಯ ಹಿಡಿತ ಬೇರೆಡೆಗಿಂತ ನೂರಕ್ಕೆ 18ರಷ್ಟು ಮಾತ್ರ ಹೆಚ್ಚಾಗಿತ್ತು. ಎಂದರೆ ಬಿಂದುವಲ್ಲದ ಕಡೆಯೂ ನೂಲು ಸೂಜಿಯನ್ನು ಹಿಡಿಯುತ್ತದೆ. ವಿದ್ಯುತ್ತಿನ ಮಾತಿಗೆ ಬಂದರೆ, 2005ರಲ್ಲಿ ಆಂಡ್ರೂ ಆನ್ ಎಂಬ ವೈದ್ಯರೂ ಲಾಂಜವಾಂ ಮೊದಲಾದವರೂ ಕೂಡಿ ಎರಡು ರೇಖೆಗಳನ್ನು ಅಳೆದರು. ತೋಳಿನ ಮೇಲಿನ ರೇಖೆಯಲ್ಲಿ ವಿದ್ಯುತ್ತಿಗೆ ತಡೆ ಪಕ್ಕದ ಭಾಗಕ್ಕಿಂತ ಕಡಿಮೆ ಕಂಡಿತು. ಕಾಲಿನ ಮೇಲಿನ ರೇಖೆಯಲ್ಲಿ ಹಾಗೆ ಕಾಣಲಿಲ್ಲ. 2008ರಲ್ಲಿ ಆ ವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡಿ, ಬಿಂದುಗಳಿಗೂ ರೇಖೆಗಳಿಗೂ ವಿಶೇಷವಾದ ವಿದ್ಯುದ್ಗುಣವುಂಟೆಂದು ನಿಶ್ಚಯವಾಗಿ ಹೇಳಲು ಆಧಾರ ಸಾಲದೆಂದು ಅವರೇ ಬರೆದರು. ಬೆವರು, ಚರ್ಮದ ದಪ್ಪ, ಕಡ್ಡಿಯನ್ನು ಒತ್ತುವ ಬಲ, ಇವುಗಳಿಂದಲೇ ಅಳತೆ ಏರುಪೇರಾಗುತ್ತದೆ. ಆದ್ದರಿಂದ ಬಿಂದುವನ್ನು ಹುಡುಕಿ ಕೊಡುವ ಯಂತ್ರವೆಂದು ಯಾರಾದರೂ ನಿಮ್ಮ ಮೈಗೆ ಕಡ್ಡಿ ಮುಟ್ಟಿಸಿ 'ಕುಂಯ್' ಎನ್ನಿಸಿದರೆ, ಕೂಗಿದ್ದು ಕಡ್ಡಿಯನ್ನು ಒತ್ತಿದ ಕೈಯ ಬಲಕ್ಕೋ ನಿಮ್ಮ ಬೆವರಿಗೋ ಇರಬಹುದು.

ಹಾಗಾದರೆ ಸೂಜಿಗೆ ಕರೆಂಟು ಹಚ್ಚಿದಾಗ ಏನೂ ಆಗುವುದಿಲ್ಲವೆ? ಆಗುತ್ತದೆ. ಬೀಜಿಂಗಿನ ಹಾನ್ ಜಿಶೆಂಗ್ ಎಂಬ ಪ್ರಾಧ್ಯಾಪಕರು ದಶಕಗಳ ಕಾಲ ನಡೆಸಿದ ಪ್ರಯೋಗಗಳಲ್ಲಿ, ಸೆಕೆಂಡಿಗೆ 2 ಮಿಡಿತದ ವಿದ್ಯುತ್ತು ಕೊಟ್ಟಾಗ ಒಂದು ಬಗೆಯ, 100 ಮಿಡಿತ ಕೊಟ್ಟಾಗ ಇನ್ನೊಂದು ಬಗೆಯ ನೋವುನೀಗುವ ದ್ರವ್ಯಗಳನ್ನು ಮಿದುಳು ಮತ್ತು ಬೆನ್ನುಹುರಿಗಳು ತಾವೇ ಬಿಡುಗಡೆ ಮಾಡುವುದು ಕಂಡುಬಂದಿತು. ಈ ಅಪ್ಪಣೆ ಮಿದುಳಿಗೆ ಮುಟ್ಟುವುದು ನರಗಳ ದಾರಿಯಿಂದ. 2021ರಲ್ಲಿ ಹಾರ್ವರ್ಡಿನ ಮಾ ಚಿಯುಫು ಮತ್ತು ಚೀನದ ಸಂಶೋಧಕರು ಇಲಿಗಳ ಮೇಲೆ ಮಾಡಿದ ಪ್ರಯೋಗವಂತೂ ಈ ಮಾತಿನ ಗಂಟನ್ನು ತಕ್ಕಮಟ್ಟಿಗೆ ಬಿಡಿಸಿತು. ಹಿಂಗಾಲಿನ ಒಂದು ಬಿಂದುವಿನಲ್ಲಿ ಮಂದವಾದ ವಿದ್ಯುತ್ತು ಕೊಟ್ಟರೆ ಮೈಯೊಳಗಿನ ಉರಿಯೂತ ತಗ್ಗುತ್ತಿತ್ತು. ಹೊಟ್ಟೆಯ ಮೇಲೆ ಕೊಟ್ಟರೆ ತಗ್ಗುತ್ತಿರಲಿಲ್ಲ. ಕಾರಣ ಹುಡುಕಿದಾಗ, ಕಾಲಿನ ಆಳದ ಪೊರೆಯಲ್ಲಿ ಒಂದು ವಿಶಿಷ್ಟ ಬಗೆಯ ನರಗಳು ಹರಡಿಕೊಂಡಿರುವುದೂ, ಹೊಟ್ಟೆಯ ಪೊರೆಯಲ್ಲಿ ಅವು ಹಾಗೆ ಇಲ್ಲದಿರುವುದೂ ಕಂಡಿತು. ಆ ನರಗಳನ್ನು ಇಲ್ಲವಾಗಿಸಿದರೆ ಫಲವೂ ಇಲ್ಲವಾಗುತ್ತಿತ್ತು.

ಗಮನಿಸಿರಿ, ಪೊರೆಯೂ ನಿಜವಾಯಿತು, ನರವೂ ನಿಜವಾಯಿತು. ನರಕ್ಕೆ ಪೊರೆಯೇ ಮನೆ. ಸೂಜಿ ಮನೆಯ ಬಾಗಿಲು ಬಡಿಯುತ್ತದೆ, ಓಗೊಡುವುದು ಒಳಗಿರುವ ನರ. ನೆಯ್ಗೆ ತಾನೇ ತಂತಿಯಾಗಿ ಸುದ್ದಿ ಸಾಗಿಸುತ್ತದೆಯೆಂಬುದಕ್ಕಿಂತ, ಸುದ್ದಿ ಹುಟ್ಟುವ ಸ್ಥಳ ಅದು ಎಂಬುದಕ್ಕೆ ಇಂದು ಹೆಚ್ಚಿನ ಆಧಾರವಿದೆ. ಈ ಪ್ರಯೋಗ ಇಲಿಗಳದ್ದು ಎಂಬುದನ್ನೂ ಮರೆಯಬಾರದು.

ಮನುಷ್ಯರ ಟೊಂಕನೋವಿಗೆ ಇದರಿಂದ ಎಷ್ಟು ಫಲ? ಜರ್ಮನಿಯಲ್ಲಿ ಬಹುದಿನದ ಟೊಂಕನೋವಿನಿಂದ ಬಳಲುತ್ತಿದ್ದ 1162 ಜನರನ್ನು ಮೂರು ಗುಂಪು ಮಾಡಿ ನೋಡಿದರು. 2007ರಲ್ಲಿ ಫಲಿತಾಂಶ ಹೊರಬಂದಿತು. ಬಿಂದುಗಳಲ್ಲಿಯೇ ಸೂಜಿ ಚುಚ್ಚಿಸಿಕೊಂಡವರಲ್ಲಿ ಆರು ತಿಂಗಳ ಮೇಲೆ ನೂರಕ್ಕೆ 47.6 ಜನಕ್ಕೆ ಗುಣ ಕಂಡಿತ್ತು. ಬಿಂದುಗಳನ್ನು ಬಿಟ್ಟು ಬೇರೆಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ 44.2 ಜನಕ್ಕೆ. ಔಷಧ, ವ್ಯಾಯಾಮ ಮೊದಲಾದ ರೂಢಿಯ ಚಿಕಿತ್ಸೆ ಪಡೆದವರಲ್ಲಿ 27.4 ಜನಕ್ಕೆ. ಈ ಲೆಕ್ಕವನ್ನು ಎರಡು ಸಲ ಓದಬೇಕು. ಸೂಜಿಯಿಂದ ನೋವು ತಗ್ಗಿದವರು ಇದ್ದಾರೆ, ಅದನ್ನು ಅಲ್ಲಗಳೆಯಲಾಗದು. ಆದರೆ ಸೂಜಿ ಎಲ್ಲಿ ಚುಚ್ಚಿತೆಂಬುದಕ್ಕೆ ನಾವು ತಿಳಿದಷ್ಟು ಮಹತ್ವವಿಲ್ಲ. ಆರೈಕೆ, ನಂಬುಗೆ, ಚರ್ಮದ ಮೇಲಾದ ಸ್ಪರ್ಶ, ಇವೂ ತಮ್ಮ ಪಾಲು ಸಲ್ಲಿಸಿವೆ.

2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುದಿನದ ಟೊಂಕನೋವಿನ ಬಗೆಗೆ ಸಲಹೆಗಳನ್ನು ಪ್ರಕಟಿಸಿತು. 2020ರಲ್ಲಿ ಜಗತ್ತಿನಲ್ಲಿ ಸುಮಾರು 61 ಕೋಟಿ 90 ಲಕ್ಷ ಜನ ಟೊಂಕನೋವುಳ್ಳವರಿದ್ದರೆಂದು ಅದರ ಲೆಕ್ಕ. ತಿಳುವಳಿಕೆ ಕೊಡುವುದು, ಕ್ರಮವಾದ ವ್ಯಾಯಾಮ, ಮಾಲೀಸು, ಸೂಜಿಚಿಕಿತ್ಸೆ, ಇವುಗಳಿಗೆ ಅದು ಒಪ್ಪಿಗೆ ಕೊಟ್ಟಿತು. ಟೊಂಕಕ್ಕೆ ಕಟ್ಟುವ ಪಟ್ಟಿಗಳು, ಎಳೆತ, ಶಬ್ದಾತೀತ ತರಂಗಗಳ ಕಾವು, ಮತ್ತು ಚರ್ಮದ ಮೇಲೆ ಪಟ್ಟಿ ಅಂಟಿಸಿ ಕರೆಂಟು ಕೊಡುವ 'ಟೆನ್ಸ್' ಯಂತ್ರ, ಇವುಗಳನ್ನು ಬಹುದಿನದ ಟೊಂಕನೋವಿಗೆ ರೂಢಿಯಾಗಿ ಬಳಸಬಾರದೆಂದು ಹೇಳಿತು. ಟೆನ್ಸ್ ಹಚ್ಚಿದಷ್ಟು ಹೊತ್ತು ಕೆಲವರಿಗೆ ನೋವು ಮರೆಯಾಗಬಹುದು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಹೇಳಿದಂತೆ, ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲಿದೆ. ಸ್ಪರ್ಶದ ಸುದ್ದಿ ನುಗ್ಗಿದರೆ ನೋವಿನ ಸುದ್ದಿಗೆ ಬಾಗಿಲು ಕಿರಿದಾಗುತ್ತದೆ. ಪೆಟ್ಟು ಬಿದ್ದ ಕಡೆ ತಾಯಿ ಕೈಯಿಂದ ತಿಕ್ಕಿದರೆ ಮಗು ಅಳು ನಿಲ್ಲಿಸುವುದಿಲ್ಲವೆ? ಆದರೆ ಆ ಹೊತ್ತಿನ ಮರೆವನ್ನು ಗುಣವೆಂದು ತಿಳಿದು ಸಾಲ ಮಾಡಿ ಯಂತ್ರ ಕೊಳ್ಳಬಾರದು.

ಆ ನೇಕಾರರಿಗೆ ನಾನು ಹೇಳಿದ ಮಾತನ್ನೇ ತಮಗೂ ಹೇಳುತ್ತೇನೆ. ನಾನು ವೈದ್ಯನಲ್ಲ. ಮೊದಲು ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲಿ ವೈದ್ಯರಿಗೆ ತೋರಿಸಿರಿ. ಟೊಂಕನೋವಿನ ಜೊತೆಗೆ ಕಾಲಿನ ಬಲ ಕುಂದುತ್ತಿದ್ದರೆ, ತೊಡೆಯ ಸಂದು ಮರಗಟ್ಟಿದ್ದರೆ, ಮೂತ್ರ ಮಲಗಳ ಹಿಡಿತ ತಪ್ಪಿದರೆ, ಅದು ಸೂಜಿಗೂ ಯಂತ್ರಕ್ಕೂ ಕಾಯುವ ಹೊತ್ತಲ್ಲ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರ, ತೂಕ ಇಳಿಯುವುದು, ರಾತ್ರಿ ಬಿಡದ ನೋವು, ಇವೂ ಎಚ್ಚರದ ಗಂಟೆಗಳೇ. ಇವಾವುವೂ ಇಲ್ಲವಾದರೆ ನಡೆದಾಟ ಮತ್ತು ಹೇಳಿಕೊಟ್ಟ ವ್ಯಾಯಾಮವೇ ಮೊದಲ ಮದ್ದು. ಮಗ್ಗದಿಂದ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಇಡುವುದಕ್ಕೆ ಹಣ ಬೇಕಾಗಿಲ್ಲ.

ಸೂಜಿ ಹಾಕಿಸಿಕೊಳ್ಳಬೇಕೆಂದು ಮನಸ್ಸಾದರೆ ಮೂರು ಮಾತು ಕೇಳಿರಿ. ಸೂಜಿ ನಿಮ್ಮೆದುರಿಗೇ ಹೊಸ ಪಾಕೀಟಿನಿಂದ ಹೊರಬಂದದ್ದೇ? ಚುಚ್ಚುವವರು ಕಲಿತವರೇ? ಎಷ್ಟು ಸಲ ಹಾಕಿ ನೋಡಿ ಫಲವಿಲ್ಲದಿದ್ದರೆ ನಿಲ್ಲಿಸುತ್ತೀರಿ? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಹಣದ ಚೀಲದ ಬಾಯಿ ಬಿಗಿಯಾಗಿರಲಿ. ವಿದ್ಯುತ್ತಿನ ಯಂತ್ರವಾದರೆ ಇನ್ನೂ ಜಾಗ್ರತೆ ಬೇಕು. ಎದೆಯಲ್ಲಿ ಗುಂಡಿಗೆಯ ಬಡಿತಕ್ಕೆಂದು ಯಂತ್ರ ಕೂಡಿಸಿಕೊಂಡವರು ವೈದ್ಯರ ಅಪ್ಪಣೆಯಿಲ್ಲದೆ ಅದನ್ನು ಮುಟ್ಟಲೇಬಾರದು. ಬಸುರಿಯ ಹೊಟ್ಟೆ ಟೊಂಕಗಳ ಮೇಲೆ, ಗಂಟಲ ಮುಂಭಾಗದಲ್ಲಿ, ಹುಣ್ಣಿನ ಮೇಲೆ, ಸ್ಪರ್ಶ ತಿಳಿಯದ ಚರ್ಮದ ಮೇಲೆ ಹಚ್ಚಬಾರದು. ಮನೆಯ ಗೋಡೆಯ ಕರೆಂಟಿಗೆ ತಂತಿ ಕೂಡಿಸಿ ಮಾಡಿದ ಯಾವುದೇ ನಾಡಯಂತ್ರ ಪ್ರಾಣಕ್ಕೆ ಅಪಾಯ.

ಬಂಧುಗಳೇ, ಒಂದೇ ಮಾತಿನಲ್ಲಿ ಮೂರು ಅರ್ಥ ತುಂಬಿಕೊಂಡಿದ್ದ 'ನರ' ಎಂಬ ಶಬ್ದವನ್ನು ಬಿಡಿಸಿದ್ದರಿಂದ ನಮಗೆ ದೊರೆತದ್ದೇನು? ಮೈಯಲ್ಲಿ ನೆಯ್ಗೆಯುಂಟು, ಅದು ಅಖಂಡವಾಗಿದೆ, ತೊಯ್ದಿರುವುದರಿಂದ ವಿದ್ಯುತ್ತು ಅದರಲ್ಲಿ ಹರಡುತ್ತದೆ. ಸುದ್ದಿಯ ಹೊಣೆ ಹೆಚ್ಚಾಗಿ ಅದರೊಳಗೆ ಮನೆಮಾಡಿದ ನರದ್ದು. ಇಷ್ಟು ತಿಳಿದವನಿಗೆ 'ನಿಮ್ಮ ಮೈಯಲ್ಲಿ ಕರೆಂಟಿನ ದಾರಿ ಕಟ್ಟಿದೆ, ಬಿಡಿಸುತ್ತೇನೆ' ಎಂದು ಯಾರಾದರೂ ಹೇಳಿದಾಗ ಹೆದರಿಕೆಯಾಗುವುದಿಲ್ಲ. ಯಾವ ದಾರಿ, ಯಾರು ಅಳೆದರು ಎಂದು ತಿರುಗಿ ಕೇಳುವ ಧೈರ್ಯ ಬರುತ್ತದೆ. ಹಾಗೆ ಕೇಳಿ, ವಿಚಾರಿಸಿ, ಆಮೇಲೆ ಹಣ ಬಿಚ್ಚಿರಿ.